ಪಿಟಿ ಪೀರಿಯಡ್‌ಗೆ ಫೋನ್ ತರೋದು ಹೇಗೆ, ಮಕ್ಳು ಇನ್ನೂ ಜಾಸ್ತಿ ಓಡೋ ಹಾಗೆ

ಹೋದ ವರ್ಷ ಜುಲೈನಲ್ಲಿ ಒಂದಿನ ಏಳನೇ ಕ್ಲಾಸಿನ ಇಬ್ರು ಹುಡುಗ್ರ ಸೊಂಟಕ್ಕೆ ಒಂದೊಂದು ಹಳೇ ಫೋನ್ ಕಟ್ಟಿ ಕ್ರಿಕೆಟ್ ಆಡೋಕೆ ಬಿಟ್ಟೆ. ಬೆಲ್ ಹೊಡೆದ್ಮೇಲೆ ನೋಡಿದ್ರೆ ಬೌಲಿಂಗ್ ಮಾಡ್ತಿದ್ದವನದ್ದು 2000ದ ಹತ್ರ ಹೆಜ್ಜೆ ಆಗಿದೆ, ಕಾಂಪೌಂಡ್ ಪಕ್ಕ ಫೀಲ್ಡಿಂಗ್ ನಿಂತಿದ್ದವನದ್ದು 300 ಕೂಡ ದಾಟಿಲ್ಲ. ಒಂದೇ ಪೀರಿಯಡ್ಡು, ಒಂದೇ ಗ್ರೌಂಡು. ಇಷ್ಟು ವರ್ಷದಿಂದ ಬೆಂಗಳೂರಲ್ಲಿ ಪಿಟಿ ಮಿಸ್ ಆಗಿದೀನಿ, ಮಕ್ಳು ಹೊರಗಡೆ ಇದಾರೆ ಅಂದ್ರೆ ಆಡ್ತಾನೇ ಇದಾರೆ ಅಂತ ನಂಬಿದ್ದೆ. ಅವತ್ತಿಂದ ಫೋನ್ ನನ್ನ ವಿಷಲ್ ಜೊತೆನೇ ಗ್ರೌಂಡಿಗೆ ಬರುತ್ತೆ, ಆದ್ರೆ ಯಾರು ಫಸ್ಟ್ ಅಂತ ನೋಡೋದಕ್ಕಲ್ಲ, ಯಾವ ಮಗು ಸುಮ್ನೆ ನಿಂತಿದೆ ಅಂತ ಕಂಡುಹಿಡಿಯೋದಕ್ಕೆ.

ಪ್ರತಿ ಮಗುಗೂ ಒಂದೊಂದು ಫೋನ್ ಬೇಕು ಅಂತ ಅಂದ್ಕೋಬೇಡಿ. 45 ಮಕ್ಳ ಕ್ಲಾಸಿಗೆ ಆರು ಫೋನ್ ಧಾರಾಳ, ಒಂದೇ ಇದ್ರೂ ಶುರು ಮಾಡ್ಬಹುದು. ನಾನು ಸ್ಟಾಫ್ ರೂಮಲ್ಲಿ ಕೇಳಿದಾಗ ಎಲ್ರ ಮನೆ ಡ್ರಾಯರಲ್ಲೂ ಸ್ಕ್ರೀನ್ ಬಿರುಕು ಬಿಟ್ಟ ಒಂದು ಫೋನ್ ಇತ್ತು. ಅವನ್ನ ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ ತೆಗೆದು, ಹಿಂದೆ ಮಾರ್ಕರಲ್ಲಿ 1ರಿಂದ 6ರವರೆಗೆ ನಂಬರ್ ಬರೆದೆ ಅಷ್ಟೇ. ಮಕ್ಳಿಗೆ ಮನೆಯಿಂದ ಫೋನ್ ತನ್ನಿ ಅಂತ ಯಾವತ್ತೂ ಹೇಳ್ಬೇಡಿ, ಒಬ್ಬಳ ಹತ್ರ ಹೊಸ ಐಫೋನ್ ಇರುತ್ತೆ ಇನ್ನೊಬ್ಬಳ ಮನೇಲಿ ಇಡೀ ಸಂಸಾರಕ್ಕೆ ಒಂದೇ ಫೋನು, ಆ ವ್ಯತ್ಯಾಸ ಗ್ರೌಂಡಿಗೆ ಬರಬಾರ್ದು, ಗ್ರೌಂಡಲ್ಲಾದ್ರೂ ಎಲ್ರೂ ಒಂದೇ ಥರ ಇರ್ಲಿ.

ಆ್ಯಪ್ ಆರಿಸೋವಾಗ ಲಾಗಿನ್ ಕೇಳದೇ ಇರೋ, ಜಾಹೀರಾತು ಬರದೇ ಇರೋ ಸಾದಾ ಸ್ಟೆಪ್ ಕೌಂಟರ್ ಹುಡುಕಿ. ಹೆಜ್ಜೆ ಎಣಿಸೋಕೆ ಇಂಟರ್ನೆಟ್ಟೂ ಬೇಡ ಜಿಪಿಎಸ್ಸೂ ಬೇಡ, ಫೋನ್ ಒಳಗಡೆ ಆಕ್ಸೆಲೆರೋಮೀಟರ್ ಅಂತ ಒಂದು ಸೆನ್ಸರ್ ಇರುತ್ತೆ, ನಡೆಯುವಾಗ ಮೈ ಕುಲುಕೋದನ್ನ ಅದೇ ಹಿಡಿಯುತ್ತೆ. ಹಾಗಾಗಿ ಏರ್‌ಪ್ಲೇನ್ ಮೋಡಲ್ಲಿ ಹಾಕಿ, ಲೊಕೇಶನ್ ಆಫ್ ಮಾಡಿ. ಆ್ಯಪಲ್ಲಿ ಮಕ್ಳ ಹೆಸ್ರು, ಹುಟ್ಟಿದ ದಿನ, ಫೋಟೋ ಏನೂ ಹಾಕ್ಬೇಡಿ, ಯಾವ ಫೋನ್ ಯಾರ ಹತ್ರ ಇತ್ತು ಅನ್ನೋದು ನಿಮ್ಮ ನೋಟ್‌ಬುಕ್ಕಲ್ಲಿ ಪೆನ್ನಲ್ಲಿ ಬರೆದಿದ್ರೆ ಸಾಕು. 2023ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆ ಪ್ರಕಾರ 18 ತುಂಬದೇ ಇರೋರೆಲ್ಲ ಮಕ್ಳೇ, ಅವ್ರ ಮಾಹಿತಿ ತಗೊಳೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಶುರು ಮಾಡೋಕೆ ಮುಂಚೆ ಎಚ್‌ಎಂ ಹತ್ರ ಪರ್ಮಿಷನ್ ತಗೊಂಡು, ಏನ್ ಮಾಡ್ತೀವಿ ಏನ್ ಮಾಡಲ್ಲ ಅಂತ ನಾಲ್ಕು ಸಾಲು ಡೈರಿಯಲ್ಲಿ ಬರೆಸಿ ಪೇರೆಂಟ್ಸ್ ಸೈನ್ ಮಾಡಿಸ್ಕೊಳ್ಳಿ.

ಫೋನ್ ಕೈಲಿ ಕೊಡ್ಬೇಡಿ. ಕೈಲಿದ್ರೆ ಮಗು ನಿಮಿಷಕ್ಕೊಂದ್ಸಲ ನಿಂತು ನೋಡುತ್ತೆ, ಬಿದ್ರೆ ಒಡೆಯುತ್ತೆ, ಜೊತೆಗೆ ಕೂತಲ್ಲೇ ಅಲ್ಲಾಡಿಸಿದ್ರೂ ಹೆಜ್ಜೆ ಏರುತ್ತೆ. ನಮ್ಮ ಸ್ಕೂಲ್ ಆಯಮ್ಮ ಹಳೇ ಯೂನಿಫಾರ್ಮ್ ಪ್ಯಾಂಟ್ ಬಟ್ಟೆಲಿ ಆರು ಚೀಲ ಹೊಲ್ಕೊಟ್ರು, ಅಗಲ ಎಲಾಸ್ಟಿಕ್ಕು, ಬಾಯಿಗೆ ವೆಲ್ಕ್ರೋ, ಫೋನ್ ಸ್ಕ್ರೀನ್ ಹೊಟ್ಟೆ ಕಡೆ ತಿರುಗಿಸಿ ಸೊಂಟಕ್ಕೆ ಬಿಗಿಯಾಗಿ ಕಟ್ಟೋದು. ಸಡಿಲ ಇದ್ರೆ ಫೋನ್ ತಾನೇ ಕುಣಿದು ಸುಳ್ಳು ಲೆಕ್ಕ ಕೊಡುತ್ತೆ.

ಒಂದೊಂದು ಫೋನ್ ಒಂದೊಂದು ಥರ ಎಣಿಸುತ್ತೆ, ಇದನ್ನ ನಾನು ಮೊದಲ ತಿಂಗಳು ಗಮನಿಸಿರ್ಲಿಲ್ಲ. ಈಗ ಏನ್ ಮಾಡ್ತೀನಿ ಅಂದ್ರೆ ಆರು ಮಕ್ಳನ್ನ ಸಾಲಾಗಿ ನಿಲ್ಸಿ, ಕ್ಲಾಸೆಲ್ಲ ಜೋರಾಗಿ ಎಣಿಸ್ತಾ 100 ಹೆಜ್ಜೆ ನಡೆಸ್ತೀನಿ, ಆಮೇಲೆ ಫೋನ್ ತೆಗೆದು ನೋಡೋದು. ಒಂದು 98 ತೋರಿಸುತ್ತೆ, ಇನ್ನೊಂದು 113 ತೋರಿಸುತ್ತೆ. ತುಂಬಾ ತಪ್ಪು ತೋರಿಸೋದನ್ನ ಪಕ್ಕಕ್ಕಿಡಿ, ಉಳಿದಿದ್ರಲ್ಲಿ ಒಂದು ಮಗುಗೆ ಪ್ರತಿ ವಾರ ಅದೇ ಫೋನ್ ಕೊಡಿ, ಆಗ ಅದರ ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಿದ್ರೆ ಅರ್ಥ ಇರುತ್ತೆ. ಇನ್ನೊಂದು, ಪುಷ್ ಅಪ್ಪು, ಯೋಗಾಸನ, ಹಗ್ಗ ಎಳೆಯೋದು ಇದ್ಯಾವುದೂ ಸ್ಟೆಪ್ ಕೌಂಟರಲ್ಲಿ ಸರಿಯಾಗಿ ಕಾಣಲ್ಲ, ಅದಕ್ಕೇ ಆ ದಿನ ಫೋನ್ ಕಟ್ಟಲೇಬೇಡಿ.

ಈಗ ನಿಜವಾದ ಕೆಲ್ಸ. ಮೊದಲನೇ ವಾರ ಏನೂ ಬದಲಾಯಿಸ್ದೆ ನೀವು ದಿನಾ ಆಡಿಸೋ ಆಟನೇ ಆಡಿಸಿ, ಸುಮ್ನೆ ಬರ್ಕೊಳ್ಳಿ. ಎರಡನೇ ವಾರ ಆ ನಂಬರ್‌ಗಳನ್ನ ಹೆಸರಿಲ್ದೆ ಬೋರ್ಡ್ ಮೇಲೆ ಬರೆದು, ಆಟದ ರೂಲ್ ಹೇಗೆ ಬದಲಾಯಿಸಿದ್ರೆ ಎಲ್ರೂ ಓಡ್ತಾರೆ ಅಂತ ಮಕ್ಳನ್ನೇ ಕೇಳಿ. ನಮ್ಮ ಮಕ್ಳು ಲಗೋರಿ ಹಿಡ್ಕೊಂಡ್ರು. ಲಗೋರಿಲಿ ಚೆಂಡು ತಗಲಿದ್ರೆ ಔಟು, ಔಟ್ ಆದೋರು ಹೊಂಗೆ ಮರದ ಕಟ್ಟೆ ಮೇಲೆ ಹೋಗಿ ಕೂರೋದು, ಮೊದಲು ಔಟಾಗಿ ಜಾಸ್ತಿ ಹೊತ್ತು ಕೂರೋದು ಯಾರು ಅಂದ್ರೆ ನಿಧಾನ ಓಡೋ ಮಗುನೇ, ಅಂದ್ರೆ ಯಾರಿಗೆ ಆಟ ಜಾಸ್ತಿ ಬೇಕೋ ಅವ್ರಿಗೇ ಕಮ್ಮಿ ಸಿಗ್ತಿತ್ತು. ಒಬ್ಳು ಹುಡುಗಿ ಎದ್ದು ನಿಂತು, ಮಿಸ್ ಔಟ್ ಆದೋರು ಕೂರೋದು ಬೇಡ, ಬೇವಿನ ಮರ ಮುಟ್ಕೊಂಡು ಬಂದು ಮತ್ತೆ ಸೇರ್ಕೊಳ್ಲಿ ಅಂದ್ಲು. ಅಷ್ಟೇ ಬದಲಾವಣೆ. ಮುಂದಿನ ಪೀರಿಯಡ್ಡಲ್ಲಿ ಕಟ್ಟೆ ಖಾಲಿ, ಕೂರ್ತಿದ್ದ ಹುಡುಗನ ಹೆಜ್ಜೆ ಹಿಂದಿನ ವಾರದ್ದಕ್ಕಿಂತ ಡಬಲ್ ಆಗಿತ್ತು. ಅವನು ಫೋನ್ ಬಿಚ್ಚಿಕೊಡುವಾಗ ಉಸಿರು ಬಿಡ್ತಾ ನನ್ನ ಮುಖ ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ.

ಖೋ ಖೋ ಲೆಕ್ಕ ಹಾಕಿ ನೋಡಿ. ಫುಲ್ ಕೋರ್ಟ್ 27 ಮೀಟರ್ ಉದ್ದ 16 ಮೀಟರ್ ಅಗಲ, ಎಂಟು ಜನ ಕೂತಿರ್ತಾರೆ, ಒಬ್ರು ಅಟ್ಟಿಸ್ಕೊಂಡು ಹೋಗ್ತಾರೆ, ತಪ್ಪಿಸ್ಕೊಳೋಕೆ ಮೂರು ಮೂರು ಜನ ಬರ್ತಾರೆ, ಅಂದ್ರೆ ಒಂದು ಸಲಕ್ಕೆ ಓಡ್ತಿರೋದು ನಾಲ್ಕೇ ಜನ. ಅದು ಮ್ಯಾಚಿಗೆ ಸರಿ, 45 ಮಕ್ಳ ಪೀರಿಯಡ್‌ಗೆ ಅಲ್ಲ. ಸುಣ್ಣದ ಪುಡಿಲಿ ಮೂರು ಸಣ್ಣ ಕೋರ್ಟ್ ಹಾಕಿ, ಒಂದೊಂದ್ರಲ್ಲೂ ನಾಲ್ಕು ಜನ ಮಾತ್ರ ಕೂರ್ಲಿ, ಖೋ ಬೇಗ ಬೇಗ ಬರುತ್ತೆ.

ಸ್ಟೆಪ್ ಕೌಂಟರ್ ಬಿಟ್ಟು ನಂಗೆ ತುಂಬಾ ಉಪಯೋಗ ಆಗಿದ್ದು ಸ್ಲೋ ಮೋಷನ್ ಕ್ಯಾಮೆರಾ, ಇದಕ್ಕೆ ಬೇರೆ ಆ್ಯಪ್ ಕೂಡ ಬೇಡ. ಸ್ಟ್ಯಾಂಡಿಂಗ್ ಬ್ರಾಡ್ ಜಂಪ್, ಅಂದ್ರೆ ನಿಂತಲ್ಲಿಂದಲೇ ಉದ್ದಕ್ಕೆ ಜಿಗಿಯೋದು, ಮಾಡಿಸುವಾಗ ಒಬ್ಳಿಗೆ ಕೈ ಬೀಸಮ್ಮ ಕೈ ಬೀಸಮ್ಮ ಅಂತ ಎಷ್ಟು ಹೇಳಿದ್ರೂ ಬರ್ತಿರ್ಲಿಲ್ಲ. ಪಕ್ಕದಿಂದ, ಸೊಂಟದ ಎತ್ತರದಲ್ಲಿ ಫೋನ್ ಹಿಡಿದು ತೆಗೆದು ತೋರಿಸ್ದೆ. ಕಾಲು ನೆಲ ಬಿಟ್ಟಾದ್ಮೇಲೆ ಕೈ ಮೇಲೆ ಹೋಗ್ತಿದೆ, ಮಂಡಿ ಬಗ್ಗೇ ಇಲ್ಲ. ಅವಳೇ ನೋಡಿ, ಓ ಮಿಸ್ ಕೈ ಲೇಟು ಅಂದ್ಲು, ಮುಂದಿನ ಜಂಪಲ್ಲೇ ಸರಿ ಮಾಡ್ಕೊಂಡ್ಲು. ತೋರಿಸಿದ್ಮೇಲೆ ಮಗು ಎದುರಿಗೇ ಡಿಲೀಟ್ ಮಾಡಿ, ಟ್ರ್ಯಾಶಿಂದನೂ ತೆಗೀರಿ, ಯಾವ ಗ್ರೂಪಿಗೂ ಕಳಿಸ್ಬೇಡಿ. ಹೆಣ್ಮಕ್ಳ ವಿಡಿಯೋ ತೆಗೆಯೋಕೆ ಮುಂಚೆ ಅವ್ರನ್ನೂ ಕೇಳಿ, ಬೇಡ ಅಂದ್ರೆ ಬೇಡ.

20 ಮೀಟರ್ ಶಟಲ್ ರನ್‌ಗೆ, ಬೀಪ್ ಟೆಸ್ಟ್ ಅಂತೀವಲ್ಲ ಅದಕ್ಕೆ, ಒಂದು ಫೋನು ಒಂದು ಬ್ಲೂಟೂತ್ ಸ್ಪೀಕರ್ ಸಾಕು. ಪ್ರತಿ ಬೀಪ್ ಬರೋಷ್ಟರಲ್ಲಿ ಆ ಕಡೆ ಗೆರೆ ಮುಟ್ಬೇಕು, ಗಂಟೆಗೆ 8.5 ಕಿಲೋಮೀಟರ್ ಸ್ಪೀಡಲ್ಲಿ ಶುರುವಾಗಿ ನಿಮಿಷ ನಿಮಿಷಕ್ಕೂ ಅರ್ಧ ಕಿಲೋಮೀಟರ್ ಏರುತ್ತೆ. ಟೇಪ್ ಹಿಡಿದೇ 20 ಮೀಟರ್ ಅಳೀರಿ, ಅಂದಾಜಲ್ಲಿ ಬೇಡ. ಅರ್ಧ ಕ್ಲಾಸ್ ಓಡ್ಲಿ ಅರ್ಧ ಕ್ಲಾಸ್ ಜೋಡಿಗೆ ಎಣಿಸ್ಲಿ, ಆಗ ಮೊದಲು ನಿಲ್ಲೋ ಮಗು ಒಂಟಿಯಾಗಿ ಎಲ್ರ ಕಣ್ಣಿಗೆ ಬೀಳಲ್ಲ. ಮಳೆ ಬಂದು ಗ್ರೌಂಡ್ ಕೆಸರಾದ್ರೆ, ಸೆಪ್ಟೆಂಬರ್ ಅಕ್ಟೋಬರಲ್ಲಿ ನಮ್ಗದು ಮಾಮೂಲು, ಇಂಟರ್ವಲ್ ಟೈಮರ್ ಆ್ಯಪ್ ಹಾಕಿ 20 ಸೆಕೆಂಡ್ ಕೆಲ್ಸ 20 ಸೆಕೆಂಡ್ ರೆಸ್ಟ್ ಅಂತ ಕ್ಲಾಸ್‌ರೂಮಲ್ಲೇ ಬಸ್ಕಿ, ನಿಂತಲ್ಲೇ ಓಟ ಮಾಡಿಸಿ.

ಖೇಲೋ ಇಂಡಿಯಾ ಫಿಟ್‌ನೆಸ್ ಟೆಸ್ಟ್ ನಡೆಸೋ ಸ್ಕೂಲಾದ್ರೆ 5ರಿಂದ 8 ವರ್ಷದೋರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ), ಫ್ಲಮಿಂಗೋ ಬ್ಯಾಲೆನ್ಸ್ (ಒಂಟಿ ಕಾಲಲ್ಲಿ ನಿಲ್ಲೋದು), ಪ್ಲೇಟ್ ಟ್ಯಾಪಿಂಗ್ (ಎರಡು ತಟ್ಟೆ ಬೇಗ ಬೇಗ ಕೈಲಿ ಮುಟ್ಟೋದು), ದೊಡ್ಡ ಮಕ್ಳಿಗೆ ಬಿಎಂಐ ಜೊತೆ 50 ಮೀಟರ್, 600 ಮೀಟರ್, ಸಿಟ್ ಅಂಡ್ ರೀಚ್ (ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗೋದು), ಕರ್ಲ್ ಅಪ್ (ಮಲಗಿ ತಲೆ ಭುಜ ಎತ್ತೋದು), ಪುಷ್ ಅಪ್ ಇರುತ್ತೆ. ತೂಕ ಮಾತ್ರ ಎಲ್ರ ಮುಂದೆ ನೋಡ್ಬೇಡಿ, ಜೋರಾಗಿ ಓದ್ಬೇಡಿ. ರೂಮಲ್ಲಿ ಒಬ್ಬೊಬ್ರನ್ನೇ ಕರೀರಿ.

ಲೀಡರ್‌ಬೋರ್ಡ್, ಅಂದ್ರೆ ಯಾರು ಮೇಲೆ ಯಾರು ಕೆಳಗೆ ಅಂತ ತೋರಿಸೋ ಪಟ್ಟಿ, ಇರೋ ಆ್ಯಪ್ ಬೇಡ ಅಂತ ನಾನು ಖಡಾಖಂಡಿತ ಹೇಳ್ತೀನಿ. ಒಂದು ಟರ್ಮ್ ಹಾಕಿ ನೋಡಿದೀನಿ, ಮೇಲಿರೋ ಐದು ಮಕ್ಳು ಅವ್ರೇ ಇರ್ತಾರೆ, ಕೆಳಗಿದ್ದ ಒಬ್ಬ ಹುಡುಗ ಹೊಟ್ಟೆನೋವು ಅಂತ ಮೂರು ಪೀರಿಯಡ್ ಬರ್ಲೇ ಇಲ್ಲ, ಅವನ ಹತ್ರ ಕೂತು ಮಾತಾಡಿದಾಗ ಗೊತ್ತಾಯ್ತು ಹೊಟ್ಟೆನೋವಲ್ಲ ಅಂತ. ಅವತ್ತೇ ತೆಗ್ದೆ. ಹಾಗೇ 10,000 ಹೆಜ್ಜೆ ಅನ್ನೋ ಗುರಿನೂ ಮಕ್ಳ ಮೇಲೆ ಹೇರ್ಬೇಡಿ, ಅದು ಡಾಕ್ಟ್ರು ಹಾಕಿದ ಲೆಕ್ಕ ಅಲ್ಲ, 1965ರಲ್ಲಿ ಜಪಾನಲ್ಲಿ ಮಾರಾಟಕ್ಕೆ ಬಂದ ಒಂದು ಪೆಡೋಮೀಟರ್ ಹೆಸರೇ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತಿತ್ತು, ಅಲ್ಲಿಂದ ಹಬ್ಬಿದ್ದು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಳಿಗೆ ಹೇಳೋದು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗೋ ಥರದ ಚಟುವಟಿಕೆ ಬೇಕು ಅಂತ.

ವಾರಕ್ಕೆ ಎರಡು ಪೀರಿಯಡ್ಡಲ್ಲಿ ಆ 60 ನಿಮಿಷ ಹೇಗೂ ಆಗಲ್ಲ, ಮನೇಲೂ ಬೇಕು. ನಮ್ಮ ಊರಲ್ಲಿ ಮಕ್ಳಿಗೆ ಬೀದಿ ಅಂತ ಇಲ್ವೇ ಇಲ್ಲ, ಸ್ಕೂಲ್ ವ್ಯಾನಲ್ಲಿ ಟ್ರಾಫಿಕಲ್ಲೇ ಒಂದ್ ಗಂಟೆ ಕೂತು ಬರ್ತಾರೆ, ಆಮೇಲೆ ಟ್ಯೂಷನ್. ನಾನು ಕೊಡೋ ಹೋಂವರ್ಕ್ ಏನಂದ್ರೆ ಲಿಫ್ಟ್ ಬಿಟ್ಟು ಮೆಟ್ಟಿಲು, ಟೆರೇಸ್ ಮೇಲೆ ಹತ್ತು ನಿಮಿಷ ಸ್ಕಿಪ್ಪಿಂಗ್, ಭಾನುವಾರ ಅಪ್ಪ ಅಮ್ಮನ ಜೊತೆ ಕಬ್ಬನ್ ಪಾರ್ಕೋ ಲಾಲ್‌ಬಾಗೋ ಹತ್ತಿರದ ಕೆರೆ ಏರಿನೋ ಒಂದು ರೌಂಡು. ಫೋನ್ ಇದ್ರೆ ಹೆಜ್ಜೆ ಬರೀರಿ, ಇಲ್ದಿದ್ರೆ ನಿಮಿಷ ಬರೀರಿ, ಎರಡೂ ಒಂದೇ. ಫೋನ್ ಇಲ್ದೆ ಅಳೆಯೋದು ಹೇಗೆ ಅಂತ ಕೇಳೋ ಮಕ್ಳಿಗೆ ಹೀಗೆ ಹೇಳ್ಕೊಟ್ಟಿದೀನಿ: ಮಾತಾಡೋಕಾಗುತ್ತೆ ಆದ್ರೆ ಹಾಡೋಕಾಗಲ್ಲ ಅಂದ್ರೆ ಸರಿಯಾಗಿ ಮಾಡ್ತಿದೀಯ, ನಾಲ್ಕು ಪದ ಹೇಳೋಷ್ಟರಲ್ಲಿ ಉಸಿರು ಬೇಕಾಗುತ್ತೆ ಅಂದ್ರೆ ಜೋರಾಗಿ ಮಾಡ್ತಿದೀಯ.

ಫೋನ್ ಕಟ್ಟೋದಕ್ಕೆ ಮೂರು ನಿಮಿಷ, ಬಿಚ್ಚಿ ಬರ್ಕೊಳೋದಕ್ಕೆ ಮೂರು ನಿಮಿಷ, ಅದಕ್ಕಿಂತ ಜಾಸ್ತಿ ಆಗ್ತಿದೆ ಅಂದ್ರೆ ಆ ವಾರ ಫೋನ್ ಬೀರುನಲ್ಲೇ ಇರ್ಲಿ, ಮಕ್ಳನ್ನ ಆಡೋಕೆ ಬಿಡಿ. ಹಿಂದಿನ ದಿನವೇ ಚಾರ್ಜ್ ಹಾಕಿ, ಬೆಲ್ ಹೊಡೆಯೋ ಮುಂಚೆ ಆರೂ ಎಣಿಸಿ ಡಬ್ಬಿಗೆ ಹಾಕಿ ಬೀಗ ಹಾಕ್ಕೊಳ್ಳಿ.