ಮುಂಬಯಿಯಲ್ಲಿ ಕನ್ನಡಿಗ ಎಲ್‌ಜಿಬಿಟಿಕ್ಯೂ ಬಳಗ ಕಟ್ಟುವ ಬಗೆ

ಎಲ್‌ಜಿಬಿಟಿಕ್ಯೂ (ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಮುಂತಾದವರ) ಸಮುದಾಯಕ್ಕಾಗಿ ದುಡಿಯುವ ಸಂಸ್ಥೆಗಳು ಮುಂಬಯಿಗೆ ಹೊಸತಲ್ಲ. ಹಮ್‌ಸಫರ್ ಟ್ರಸ್ಟ್ ಆರಂಭವಾದದ್ದು 1994ರಲ್ಲಿ. 1995ರಲ್ಲಿ ಸ್ತ್ರೀ ಸಂಗಮ್ ಎಂಬ ಹೆಸರಿನಿಂದ ಹುಟ್ಟಿದ ಬಳಗವೇ ಮುಂದೆ ಲಾಬಿಯಾ ಎನಿಸಿಕೊಂಡಿತು. ಆದರೆ ಈ ನಗರದ ಇಂತಹ ಕೂಟಗಳಲ್ಲಿ ಕೇಳಿಬರುವುದು ಬಹುಪಾಲು ಇಂಗ್ಲಿಷ್, ಹಿಂದಿ ಮತ್ತು ಮರಾಠಿ. ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ಯುವಕನಾಗಲಿ, ಡೊಂಬಿವಲಿಯ ಮನೆಯಲ್ಲಿ ವಾರಕ್ಕೊಂದು ಜಾತಕ ನೋಡುವ ಹೆತ್ತವರ ನಡುವೆ ಬದುಕುವ ಯುವತಿಯಾಗಲಿ ತಮ್ಮ ಮನಸ್ಸಿನ ಮಾತನ್ನು ಕನ್ನಡದಲ್ಲೋ ತುಳುವಿನಲ್ಲೋ ಆಡಬೇಕೆಂದರೆ ಬೇರೆಯದೇ ಒಂದು ಬಳಗ ಬೇಕಾಗುತ್ತದೆ.

ಅಂತಹ ಬಳಗವನ್ನು ಕಟ್ಟಹೊರಟವರು ಮೊದಲು ಮನಗಾಣಬೇಕಾದ ಸಂಗತಿ ಒಂದಿದೆ. ಮುಂಬಯಿ ಮಹಾನಗರವಾದರೂ ಕನ್ನಡಿಗರ ಮುಂಬಯಿ ಸಣ್ಣ ಊರು. ಇಲ್ಲಿ ನಡೆದದ್ದು ಮತ್ಸ್ಯಗಂಧ ರೈಲಿಗಿಂತ ಮೊದಲೇ ಕುಂದಾಪುರ ಮುಟ್ಟುತ್ತದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದಾಗಿ ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ. ಹೀಗಾಗಿ ನಮ್ಮವರನ್ನು ಈಗ ಹೆಚ್ಚಾಗಿ ಕಾಡುವುದು ಪೊಲೀಸರ ಭಯಕ್ಕಿಂತ ಪರಿಚಯಸ್ಥರ ಭಯ. ಮುಂದೆ ಹೇಳುವ ಕ್ರಮಗಳೆಲ್ಲ ಈ ಭಯವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇವೆ.

ಆರಂಭಕ್ಕೆ ಇಬ್ಬರು ಅಥವಾ ಮೂವರು ಸಾಕು. ಎಲ್ಲರೂ ಗಂಡಸರೇ ಆಗಿದ್ದರೆ ಬಳಗ ಕೊನೆಯವರೆಗೂ ಗಂಡಸರದ್ದೇ ಆಗಿ ಉಳಿಯುತ್ತದೆ. ಆದ್ದರಿಂದ ಒಬ್ಬ ಮಹಿಳೆಯೋ ಟ್ರಾನ್ಸ್ ವ್ಯಕ್ತಿಯೋ ಮೊದಲ ದಿನದಿಂದಲೇ ನಿರ್ಧಾರಗಳಲ್ಲಿ ಪಾಲುಗೊಳ್ಳುವಂತೆ ನೋಡಿಕೊಳ್ಳಿ.

ಜಾಗದ ಆಯ್ಕೆಯಲ್ಲಿ ಅವಸರ ಬೇಡ. ಮಾಟುಂಗಾದ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಶನ್, ಕುರ್ಲಾದ ಬಂಟರ ಭವನದಂತಹ ಸ್ಥಳಗಳು ಸಹಜವಾಗಿಯೇ ನೆನಪಿಗೆ ಬರುತ್ತವೆ. ಆದರೆ ಪಕ್ಕದ ಸಭಾಂಗಣದಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ನಡೆಯುತ್ತಿರಬಹುದಾದ ಕಟ್ಟಡಕ್ಕೆ ಯಾರೂ ನೆಮ್ಮದಿಯಿಂದ ಬರಲಾರರು. ಮೊದಲ ವರ್ಷ, ಈಗಾಗಲೇ ಸಮುದಾಯದೊಂದಿಗೆ ಕೆಲಸ ಮಾಡುತ್ತಿರುವ ಯಾವುದಾದರೂ ಸಂಸ್ಥೆಯ ಕೊಠಡಿಯನ್ನು ತಿಂಗಳಿಗೊಮ್ಮೆ ಕೇಳಿ ಪಡೆಯುವುದು ಉತ್ತಮ. ಬಾಡಿಗೆಗೆ ಹಿಡಿಯುವುದಾದರೆ ದಾದರ್, ಕುರ್ಲಾ, ಘಾಟ್ಕೋಪರ್‌ಗಳಂತೆ ಹಲವು ಮಾರ್ಗಗಳು ಸೇರುವ ನಿಲ್ದಾಣಗಳ ಆಸುಪಾಸಿನಲ್ಲಿ ಹುಡುಕಿ. ವಿರಾರ್‌ನವರಿಗೂ ನೆರೂಲ್‌ನವರಿಗೂ ಅದು ಅನುಕೂಲ, ಅಂತಹ ಜನಜಂಗುಳಿಯಲ್ಲಿ ಯಾರು ಎತ್ತ ಹೋದರೆಂದು ಗಮನಿಸುವವರೂ ಇರುವುದಿಲ್ಲ. ಜಾಗದ ಮಾಲೀಕರಿಗೆ ಕೂಟದ ಉದ್ದೇಶವನ್ನು ಮುಚ್ಚಿಡದೆ ತಿಳಿಸಿ, ಏಕೆಂದರೆ ಸುಳ್ಳು ಹೇಳಿ ಪಡೆದ ಕೊಠಡಿಯಿಂದ ನಡುಸಭೆಯಲ್ಲೇ ಎಬ್ಬಿಸಿದರೆ ಅಂದು ಬಂದವರು ಮತ್ತೆ ಬರುವುದಿಲ್ಲ. ಬಾಗಿಲ ಕಾವಲುಗಾರನೊಂದಿಗೂ ಮುಂಚಿತವಾಗಿ ಮಾತನಾಡಬೇಕು. ಟ್ರಾನ್ಸ್ ಮಹಿಳೆಯೊಬ್ಬರನ್ನು ಅವನು ಗೇಟಿನಲ್ಲಿ ತಡೆದು ನಿಲ್ಲಿಸಿದರೆ ಒಳಗಿನ ಸ್ವಾಗತಕ್ಕೆ ಅರ್ಥವಿಲ್ಲ. ಶೌಚಾಲಯವನ್ನು ಯಾರು ಹೇಗೆ ಬಳಸಬಹುದು ಎಂಬುದನ್ನೂ ಆಗಲೇ ಇತ್ಯರ್ಥ ಮಾಡಿಕೊಳ್ಳಿ.

ಸಮಯದ ವಿಚಾರವೂ ಅಷ್ಟೇ ಮುಖ್ಯ. ಕಚೇರಿಗೆ ಹೋಗುವವರಿಗೆ ಭಾನುವಾರ ಒಪ್ಪುತ್ತದೆ, ಆದರೆ ಹೋಟೆಲು ಕಾರ್ಮಿಕರಿಗೆ ಭಾನುವಾರವೇ ಉಸಿರಾಡಲು ಬಿಡುವಿಲ್ಲದ ದಿನ. ಅವರಿಗೆ ತುಸು ಪುರುಸೊತ್ತು ಸಿಗುವುದು ವಾರದ ದಿನಗಳಲ್ಲಿ, ಮಧ್ಯಾಹ್ನದ ಊಟದ ಗಿರಾಕಿಗಳು ಕರಗಿ ಸಂಜೆಯ ಚಹಾದ ಗಿರಾಕಿಗಳು ಬರುವ ಮೊದಲು. ಆಗಲೂ ಅವರು ಮಲಗುವುದು ಹತ್ತಾರು ಜನರ ಚಾಪೆಗಳು ಒತ್ತೊತ್ತಾಗಿ ಹಾಸಿರುವ ಕೊಠಡಿಯಲ್ಲಿ. ಅಲ್ಲಿ ಫೋನಿನಲ್ಲಿ ಪಿಸುಗುಟ್ಟಲೂ ಆಗುವುದಿಲ್ಲ. ಆದ್ದರಿಂದ ಭಾನುವಾರದ ದೊಡ್ಡ ಸಭೆಯ ಜೊತೆಗೆ ವಾರದ ನಡುವೆ ಮಧ್ಯಾಹ್ನದ ಸಣ್ಣ ಕೂಟವೊಂದನ್ನು ಇಡುವುದು ಅಗತ್ಯವೆಂದು ನನ್ನ ಅಭಿಪ್ರಾಯ. ಸುಶಿಕ್ಷಿತ ಉದ್ಯೋಗಸ್ಥರು ಮಾತ್ರ ಸೇರುವ ಬಳಗಗಳು ಈ ನಗರದಲ್ಲಿ ಸಾಕಷ್ಟಿವೆ. ಭಾನುವಾರದ ಸಭೆಯನ್ನು ಗೊತ್ತುಪಡಿಸುವ ಮುನ್ನ ರೈಲ್ವೆಯ ಮೆಗಾಬ್ಲಾಕ್ (ಹಳಿ ದುರಸ್ತಿಗಾಗಿ ಕೆಲವು ಗಂಟೆ ರೈಲು ನಿಲ್ಲಿಸುವುದು) ಯಾವ ಮಾರ್ಗದಲ್ಲಿದೆ ಎಂದು ನೋಡಿಕೊಳ್ಳಲು ಮರೆಯಬೇಡಿ.

ಆಹ್ವಾನದಲ್ಲಿ ಎಡವುವವರೇ ಹೆಚ್ಚು. ವಾಟ್ಸಾಪ್ ಗುಂಪಿಗೆ ಸೇರಿಸಿದ ಕೂಡಲೇ ಪ್ರತಿಯೊಬ್ಬರ ಸಂಖ್ಯೆಯೂ ಉಳಿದವರಿಗೆಲ್ಲ ಕಾಣುತ್ತದೆ. ಸಂಖ್ಯೆ ಸಿಕ್ಕಿದರೆ ಟ್ರೂಕಾಲರ್‌ನಲ್ಲಿ ಹೆಸರು, ಹೆಸರಿನ ಹಿಂದೆ ಮನೆತನ. ಬದಲಾಗಿ ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಸಂದೇಶ ಕಳುಹಿಸಿ. ಅದು ತಲುಪಬೇಕಾದರೆ ಪಡೆಯುವವರು ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರಬೇಕು. ಆ ಸಂಖ್ಯೆಯನ್ನು ಯಾವ ಹೆಸರಿನಲ್ಲಿ ಉಳಿಸಿಕೊಳ್ಳಬಹುದೆಂದು ಸಲಹೆ ಕೊಡಿ: ‘ಪುಸ್ತಕ ಬಳಗ’ ಎಂದಿದ್ದರೆ ಮನೆಯವರು ನೋಡಿದರೂ ಹುಬ್ಬೇರಿಸುವುದಿಲ್ಲ. ಹೊಸಬರನ್ನು ನೇರವಾಗಿ ಸಭೆಗೆ ಕರೆಯದೆ, ಸಂಘಟಕರಲ್ಲಿ ಇಬ್ಬರು ಮೊದಲು ಯಾವುದಾದರೂ ಜನನಿಬಿಡ ಚಹಾದಂಗಡಿಯಲ್ಲಿ ಭೇಟಿಯಾಗಿ ಮಾತನಾಡಬೇಕು. ಡೇಟಿಂಗ್ ಆ್ಯಪ್‌ಗಳಲ್ಲಿ ಪರಿಚಯ ಬೆಳೆಸಿ, ಚಿತ್ರ ತೆಗೆದು, ಹಣಕ್ಕಾಗಿ ಬೆದರಿಸುವವರು ಇರುವುದರಿಂದ ಈ ಎಚ್ಚರಿಕೆ ಬೇಕೇ ಬೇಕು. ಅಂತಹ ಬೆದರಿಕೆಗೆ ಸಿಕ್ಕಿದವರಿಗೆ ಹಣ ಕೊಡದಂತೆ ಹೇಳಿ, ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳಲು ತಿಳಿಸಿ, ಸೈಬರ್ ಅಪರಾಧಗಳ ಸಹಾಯವಾಣಿಯಾದ 1930ಕ್ಕೆ ಕರೆ ಮಾಡುವಾಗ ಜೊತೆಯಲ್ಲಿ ಕುಳಿತುಕೊಳ್ಳಿ.

ಸಭೆಯ ನಿಯಮಗಳು ಕೆಲವೇ ಇರಲಿ, ಆದರೆ ಪ್ರತಿ ಸಲವೂ ಗಟ್ಟಿಯಾಗಿ ಓದಿ ಹೇಳಿ. ಯಾರೂ ಫೋಟೊ ತೆಗೆಯಕೂಡದು. ಇಲ್ಲಿ ಕೇಳಿದ್ದನ್ನು, ಕಂಡವರ ಹೆಸರನ್ನು ಹೊರಗೆ ಆಡಕೂಡದು. ನಾಳೆ ಲೋಕಲ್‌ನಲ್ಲಿ ಎದುರಾದರೂ ಅವರಾಗಿ ನಗದ ಹೊರತು ಮಾತನಾಡಿಸಕೂಡದು. ನಾಲ್ಕನೆಯ ನಿಯಮ ನಮ್ಮವರಿಗೆ ಎಲ್ಲಕ್ಕಿಂತ ಕಷ್ಟದ್ದು: ‘ಊರೆಲ್ಲಿ, ಯಾರ ಪೈಕಿ, ಬರಿ (ತುಳುವರ ಕುಲ) ಯಾವುದು’ ಎಂದು ಕೇಳಕೂಡದು. ಮುಂಬಯಿಯ ಕನ್ನಡಿಗರಿಬ್ಬರು ಸೇರಿದರೆ ಎರಡನೆಯ ಮಾತೇ ಇದಾಗಿರುತ್ತದೆ. ಅದರ ಹಿಂದೆ ಪ್ರೀತಿಯೇ ಇರಬಹುದು, ಆದರೆ ಉತ್ತರದಿಂದ ಮನೆತನ, ಜಾತಿ, ಮದುವೆಯಾಗದ ಅಣ್ಣ ಎಲ್ಲವೂ ಒಂದೇ ಉಸಿರಿಗೆ ಹೊರಬೀಳುತ್ತವೆ. ಬಂದವರು ತಾವು ಇಟ್ಟುಕೊಂಡ ಹೆಸರಿನಿಂದಲೇ ಪರಿಚಿತರಾಗಲಿ.

ಕಷ್ಟ ಹೇಳಿಕೊಳ್ಳುವುದೊಂದೇ ಕಾರ್ಯಕ್ರಮವಾದರೆ ಬಳಗ ಬೇಗ ಬಳಲುತ್ತದೆ. ಓದು, ಅಡುಗೆ, ಅಂತ್ಯಾಕ್ಷರಿ ಯಾವುದಾದರೂ ಆಗಲಿ. ಕರಾವಳಿಯವರ ನಡುವೆ ಯಕ್ಷಗಾನದ ಸ್ತ್ರೀವೇಷದ ಬಗ್ಗೆ ಮಾತು ತೆಗೆದರೆ, ಅದುವರೆಗೆ ಮೂಲೆಯಲ್ಲಿ ಸುಮ್ಮನಿದ್ದವರೂ ಬಾಲ್ಯದಲ್ಲಿ ಸೀರೆ ಉಟ್ಟು ಕುಣಿದದ್ದನ್ನೂ ಅದಕ್ಕಾಗಿ ಏಟು ತಿಂದದ್ದನ್ನೂ ಹೇಳತೊಡಗಬಹುದು. ಉತ್ತರ ಕರ್ನಾಟಕದವರಿದ್ದರೆ ಜೋಗತಿ ನೃತ್ಯಕ್ಕೆ 2021ರಲ್ಲಿ ಪದ್ಮಶ್ರೀ ಪಡೆದ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯೂ ಆಗಿದ್ದ ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿಯವರಿಂದ ಆರಂಭಿಸಬಹುದು.

ಹದಿನೆಂಟು ತುಂಬದವರನ್ನು ಸಭೆಗೆ ಸೇರಿಸಿಕೊಳ್ಳಬೇಡಿ. ಮಕ್ಕಳೊಂದಿಗೆ ಕೆಲಸ ಮಾಡಿ ಅನುಭವವಿರುವ ಸಂಸ್ಥೆಯ ದಾರಿ ತೋರಿಸಿ. ಸಂಘಟಕರು ವೈದ್ಯರ ಪಾತ್ರ ವಹಿಸುವುದೂ ಬೇಡ. ಆತ್ಮಹತ್ಯೆಯ ಮಾತು ಬಂದರೆ ಕನ್ನಡದಲ್ಲೂ ಉತ್ತರ ಸಿಗುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಎಲ್ಲರ ಬಳಿಯೂ ಇರಲಿ. ‘ಸರಿಪಡಿಸುತ್ತೇನೆ’ ಎನ್ನುವ ವೈದ್ಯರ ಬಳಿಗೆ ಮನೆಯವರು ಎಳೆದೊಯ್ಯುತ್ತಿದ್ದರೆ, ಇಂತಹ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆಯೆಂದು ಸಾರಿದೆ ಎಂಬುದನ್ನು ತಿಳಿಸಿ.

ಹಣದ ವಿಷಯ ಸರಳ: ಬಾಗಿಲ ಬಳಿ ಒಂದು ಡಬ್ಬಿ ಇಡಿ, ಎಷ್ಟು ಬಂತು ಎಷ್ಟು ಹೋಯಿತೆಂದು ಮುಂದಿನ ಸಭೆಯಲ್ಲಿ ಹೇಳಿ. ನೋಂದಣಿಗೆ ಆತುರಪಡಬೇಡಿ. ಸೊಸೈಟಿಯಾಗಿ ನೋಂದಾಯಿಸಲು ಕನಿಷ್ಠ 7 ಜನರು ತಮ್ಮ ನಿಜವಾದ ಹೆಸರು, ವಿಳಾಸ ಮತ್ತು ಸಹಿ ಕೊಡಬೇಕಾಗುತ್ತದೆ. ಮನೆಯಲ್ಲಿ ಇನ್ನೂ ವಿಷಯ ತಿಳಿಸದವರಿಂದ ಅದನ್ನು ಕೇಳುವುದು ಸರಿಯಲ್ಲ. ದಾನಿಗಳು ಮುಂದೆ ಬಂದು ಬ್ಯಾಂಕ್ ಖಾತೆ ಅನಿವಾರ್ಯವಾದಾಗ, ಹೆಸರು ಬಹಿರಂಗವಾದರೂ ಚಿಂತೆಯಿಲ್ಲದವರು ಅಷ್ಟು ಮಂದಿ ಇದ್ದರೆ ಮಾತ್ರ ಆ ಹೆಜ್ಜೆ ಇಡಿ. ಅಲ್ಲಿಯವರೆಗೆ ಹಾಜರಿ ಪುಸ್ತಕವನ್ನೂ ಇಡಬೇಡಿ, ಬಳಗ ಬಿಟ್ಟು ಹೋದವರ ಸಂಖ್ಯೆಯನ್ನು ಫೋನಿನಿಂದ ಅಳಿಸಿಹಾಕಿ, ಮತ್ತು ವರ್ಷಕ್ಕೊಮ್ಮೆ ಸಂಘಟಕರಲ್ಲಿ ಒಬ್ಬರಾದರೂ ಹೊಣೆಯನ್ನು ಹೊಸಬರಿಗೆ ಬಿಟ್ಟುಕೊಡಿ.