ಹೊಂಡದ ಪಾಚಿ ತೆಂಗಿನ ಪಾತಿಗೆ

ನಮ್ಮದು ತಿಪಟೂರು ಕಡೆಯ ತೆಂಗಿನ ತೋಟ. ತ್ರೀ ಫೇಸ್ ಕರೆಂಟ್ ಇದ್ದಾಗ ಬೋರ್‌ವೆಲ್ ನೀರನ್ನು ಹೊಂಡಕ್ಕೆ ತುಂಬಿಸಿಕೊಳ್ಳುತ್ತೇವೆ, ಅಲ್ಲಿಂದ ಡ್ರಿಪ್‌ಗೆ ಬಿಡುತ್ತೇವೆ. 2014-15ರಲ್ಲಿ ಕೃಷಿಭಾಗ್ಯ ಯೋಜನೆ ಶುರುವಾದ ಮೇಲೆ ಬಯಲುಸೀಮೆಯ ತೋಟಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಇಂಥ ಹೊಂಡಗಳು ಬೇಕಾದಷ್ಟಾಗಿವೆ. ಹೊಂಡ ತೋಡುವಾಗ ಅಳತೆ, ಹಾಳೆ, ಸಬ್ಸಿಡಿ ಎಲ್ಲದರ ಬಗ್ಗೆಯೂ ಹೇಳುತ್ತಾರೆ. ಒಂದೆರಡು ಬೇಸಿಗೆ ಕಳೆಯುವುದರಲ್ಲಿ ನೀರಿನ ಮೇಲೆ ಹಸಿರು ಕಂಬಳಿ ಹಾಸಿದ ಹಾಗೆ ಪಾಚಿ ಬರುತ್ತದಲ್ಲ, ಅದರ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. "ಅಣ್ಣಾ, ಇದೇನು ಹೊಂಡವೋ ಹುಲ್ಲುಗಾವಲೋ?" ಅಂತ ಕೆಲಸಕ್ಕೆ ಬರುವ ಹುಡುಗ ಕೇಳಿದ್ದ.

ಪಾಚಿ ಬಂತು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಏನು ಔಷಧಿ ಹಾಕಬೇಕು? ನಾನು ಏನೂ ಹಾಕುವುದಿಲ್ಲ. ಎಳೆದು ಹೊರಗೆ ಹಾಕಿ ತೆಂಗಿನ ಬುಡಕ್ಕೆ ಕೊಡುತ್ತೇನೆ. ಯಾಕೆ, ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾವ ಪಾಚಿ ಅಂತ ನೋಡಬೇಕು. ಕೋಲು ಹಾಕಿ ಎತ್ತಿ. ಎಳೆ ಎಳೆಯಾಗಿ ಕೋಲಿಗೆ ಜೋತು ಬಿದ್ದರೆ ಅದು ನೂಲಿನಂಥ ಹಸಿರು ಪಾಚಿ, ನಾನು ಹೇಳುತ್ತಿರುವುದು ಅದರ ವಿಷಯ. ಕೋಲಿಗೆ ಏನೂ ಸಿಗದೆ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತಿದ್ದು ಕೆಟ್ಟ ವಾಸನೆ ಹೊಡೆಯುತ್ತಿದ್ದರೆ ಅದು ನೀಲಿಹಸಿರು ಪಾಚಿ ಇರಬಹುದು. ಅದರಲ್ಲಿ ಕೆಲವು ಜಾತಿ ವಿಷ. ದನಕರು ಆ ನೀರು ಕುಡಿದು ಸತ್ತದ್ದುಂಟು. ಅಂಥ ನೀರಿಗೆ ಕೈ ಹಾಕಬೇಡಿ, ದನಗಳನ್ನೂ ಬಿಡಬೇಡಿ.

ನೂಲು ಪಾಚಿಯಲ್ಲೂ ಬೇರೆ ಬೇರೆ ಇವೆ. ಕೈಯಲ್ಲಿ ಹಿಡಿದರೆ ಲೋಳೆಯಾಗಿ ಬೆರಳ ಸಂದಿಯಿಂದ ಜಾರುವುದು ಸ್ಪೈರೋಗೈರಾ. ಪಿಯುಸಿಯಲ್ಲಿ ಚಿತ್ರ ಬಿಡಿಸಿದ್ದು ನೆನಪಿರಬೇಕಲ್ವಾ, ಅದೇ. ಒರಟಾಗಿ, ಕವಲೊಡೆದು, ಸಿಮೆಂಟು ಮೆಟ್ಟಿಲಿಗೆ, ಪೈಪಿಗೆ ಕಚ್ಚಿಕೊಂಡಿರುವುದು ಕ್ಲಾಡೋಫೋರಾ. ಪಿಥೋಫೋರಾ ಕೂಡ ಒರಟು, ಆದರೆ ಅದು ದಪ್ಪ ಗಂಟುಗಂಟಾಗಿ ಬೆಳೆಯುತ್ತದೆ. ಅದರ ಎಳೆಗಳ ನಡುವೆ ದಪ್ಪ ಗೋಡೆಯ ಕೋಶಗಳಿರುತ್ತವೆ, ಕಷ್ಟಕಾಲದಲ್ಲಿ ತಳಕ್ಕಿಳಿದು ಕಾದು ಕೂರುತ್ತವೆ. ಹಾಗಾಗಿ ತೆಗೆಯುವುದಕ್ಕೆ ಅದೇ ತಲೆನೋವು. ಇನ್ನೊಂದು ಹೈಡ್ರೋಡಿಕ್ಟಿಯಾನ್. ಐದು ಮೂಲೆ, ಆರು ಮೂಲೆಯ ಕಣ್ಣುಗಳಿರುವ ಹಸಿರು ಬಲೆಯೇ ಅದು. ಬಿಳಿ ತಟ್ಟೆಯಲ್ಲಿ ನೀರು ಹಾಕಿ ಹರಡಿದರೆ ಬರಿಗಣ್ಣಿಗೇ ಕಾಣುತ್ತದೆ.

ನನ್ನ ಹತ್ತಿರ ಒಂದು ಫೋಲ್ಡ್‌ಸ್ಕೋಪ್ ಇದೆ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಅವರ ತಂಡ ಮಾಡಿದ, ಕಾಗದ ಮಡಚಿ ಜೋಡಿಸುವ ಸೂಕ್ಷ್ಮದರ್ಶಕ. ಅದರಲ್ಲಿ ಸ್ಪೈರೋಗೈರಾ ಎಳೆ ಇಟ್ಟು ನೋಡಿದರೆ ಕೋಶದೊಳಗೆ ಹಸಿರು ಪಟ್ಟಿ ಸುರುಳಿ ಸುತ್ತಿಕೊಂಡಿರುವುದು ಸ್ಪಷ್ಟವಾಗಿ ಕಾಣುತ್ತದೆ. ನೀರು ಇಳಿಯುವ ಕಾಲಕ್ಕೆ ನೋಡಿದರೆ ಎರಡು ಎಳೆಗಳು ಪಕ್ಕಪಕ್ಕ ನಿಂತು ಏಣಿಯ ಮೆಟ್ಟಿಲಿನಂತೆ ಕೂಡಿಕೊಂಡಿರುವುದೂ ಸಿಗಬಹುದು. ಹಾಗೆ ಹುಟ್ಟುವ ಬೀಜಕ್ಕೆ ಗಟ್ಟಿ ಸಿಪ್ಪೆ. ಹೊಂಡ ಒಣಗಿದರೂ ಕೆಸರಲ್ಲಿ ಬದುಕಿರುತ್ತದೆ, ಮಳೆ ಬಂದು ನೀರು ನಿಂತ ಮೇಲೆ ಮೊಳೆಯುತ್ತದೆ. ಸ್ಪೈರೋಗೈರಾದ ಕುಟುಂಬದ ಬಗ್ಗೆ ದೊಡ್ಡ ಪುಸ್ತಕ ಬರೆದವರು ಎಂ. ಎಸ್. ರಾಂಧಾವಾ. ಅವರು ಐಸಿಎಸ್ ಅಧಿಕಾರಿ, ಮುಂದೆ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾದವರು. 1959ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಅದನ್ನು ಅಚ್ಚು ಹಾಕಿತು. ಅಷ್ಟು ದೊಡ್ಡ ಆಡಳಿತದ ಕೆಲಸದ ನಡುವೆ ಹೊಂಡದ ಪಾಚಿ ನೋಡುವುದಕ್ಕೆ ಬಿಡುವು ಮಾಡಿಕೊಂಡಿದ್ದರಲ್ಲ ಅಂತ ನನಗೆ ಅವರ ಮೇಲೆ ಒಂಥರಾ ಪ್ರೀತಿ.

ಪಾಚಿ ಬರುವುದಕ್ಕೆ ಎರಡೇ ಮುಖ್ಯ ಕಾರಣ. ತಳದವರೆಗೆ ಬಿಸಿಲು, ನೀರಲ್ಲಿ ಗೊಬ್ಬರ. ಬೋರ್‌ವೆಲ್ ನೀರು ಕನ್ನಡಿ ಥರ ತಿಳಿಯಾಗಿರುವುದರಿಂದ ಬಿಸಿಲು ಸೀದಾ ತಳಕ್ಕೆ ಹೋಗುತ್ತದೆ. ನೂಲು ಪಾಚಿ ಶುರುವಾಗುವುದು ಮೇಲೆ ಅಲ್ಲ, ತಳದಲ್ಲಿ. ಅಮೆರಿಕ ಮತ್ತು ಕೆನಡಾದ ನಡುವಿನ ಮಹಾ ಸರೋವರಗಳಲ್ಲೂ ಆದದ್ದು ಇದೇ. ಸಾಬೂನು ಪುಡಿ ಮತ್ತು ಚರಂಡಿ ನೀರಿನ ರಂಜಕದಿಂದ ಅಲ್ಲಿ ಕ್ಲಾಡೋಫೋರಾ ದಡಕ್ಕೆ ಬಂದು ಕೊಳೆಯುತ್ತಿತ್ತು. 1972ರಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡು ರಂಜಕ ಇಳಿಸಿದವು, ಪಾಚಿಯೂ ಇಳಿಯಿತು. ಆಮೇಲೆ ಹೊರಗಿನಿಂದ ಬಂದ ಜೀಬ್ರಾ ಚಿಪ್ಪುಜೀವಿಗಳು ನೀರನ್ನು ಸೋಸಿ ಸೋಸಿ ತಿಳಿ ಮಾಡಿದವು. ಬಿಸಿಲು ಆಳಕ್ಕಿಳಿಯಿತು, ಪಾಚಿ ವಾಪಸ್ ಬಂತು. ನೀರು ತಿಳಿಯಾಗಿದೆ ಅಂದ ಮಾತ್ರಕ್ಕೆ ಪಾಚಿ ಬರುವುದಿಲ್ಲ ಅಂದುಕೊಳ್ಳುವ ಹಾಗಿಲ್ಲ.

ಹಗಲು ಪಾಚಿ ಆಮ್ಲಜನಕ ಬಿಡುತ್ತದೆ. ಆ ಗುಳ್ಳೆಗಳು ಎಳೆಗಳ ನಡುವೆ ಸಿಕ್ಕಿಕೊಂಡು ಇಡೀ ಚಾಪೆಯನ್ನೇ ಮೇಲಕ್ಕೆತ್ತುತ್ತವೆ. ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಅದಕ್ಕೇ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು. ಮಧ್ಯಾಹ್ನದ ಹೊತ್ತಿಗೆ ಪಾಚಿ ನೀರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಬಿಡುವುದರಿಂದ ಪಿಹೆಚ್ 9ರ ಮೇಲೂ ಹೋಗಬಹುದು. ಪಿಹೆಚ್ ಏರಿದಷ್ಟೂ ನೀರಲ್ಲಿರುವ ಅಮೋನಿಯಾ ಮೀನಿಗೆ ಹೆಚ್ಚು ವಿಷ.

ಈಗ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ವಿಷಯ. ಅಡಿಕೆ ತೋಟದವರಿಗೆ ಅದನ್ನು ಹಾಕಿ ಮಾಡುವ ಬೋರ್ಡೋ ದ್ರಾವಣದಿಂದ ಪರಿಚಯ ಇರುವುದರಿಂದ ಕೈ ಮೊದಲು ಅದಕ್ಕೇ ಹೋಗುತ್ತದೆ. ತಾಮ್ರಕ್ಕೆ ಪಾಚಿ ಸಾಯುವುದು ನಿಜ. ಆದರೆ ನಮ್ಮ ಕಡೆಯ ಗಡಸು ನೀರಲ್ಲಿ ತಾಮ್ರ ಬೇಗ ಗಟ್ಟಿಯಾಗಿ ತಳಕ್ಕಿಳಿಯುತ್ತದೆ, ಕೆಲಸ ಅರ್ಧಂಬರ್ಧ. ಮೆದು ನೀರಲ್ಲಾದರೆ ಪಾಚಿ ಜೊತೆ ಮೀನೂ ಸಾಯಬಹುದು. ಪಾಚಿ ಪೂರ್ತಿ ಸತ್ತರೂ ಕಷ್ಟವೇ. ಅಷ್ಟೂ ಒಟ್ಟಿಗೆ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದುಹೋಗುತ್ತದೆ, ಅದರೊಳಗಿದ್ದ ಸಾರಜನಕ, ರಂಜಕ ನೀರಿಗೇ ವಾಪಸ್. ಅದನ್ನು ತಿಂದು ಮುಂದಿನ ಪಾಚಿ ಏಳುತ್ತದೆ. ತಾಮ್ರ ಮಾತ್ರ ತಳದ ಕೆಸರಲ್ಲಿ ವರ್ಷ ವರ್ಷ ಸೇರುತ್ತಾ ಹೋಗುತ್ತದೆ. ದುಡ್ಡು ಕೊಟ್ಟು ಇದನ್ನು ಯಾಕೆ ಮಾಡಬೇಕು?

ಎಳೆಯುವುದಕ್ಕೆ ಹೊತ್ತು ಮುಖ್ಯ. ಬೆಳಿಗ್ಗೆ ಏಳಕ್ಕೆ ಹೋದರೆ ಅರ್ಧ ಪಾಚಿ ತಳದಲ್ಲೇ ಇರುತ್ತದೆ. ಹನ್ನೊಂದು ಗಂಟೆಯ ಮೇಲೆ, ಬಿಸಿಲೇರಿ ಗುಳ್ಳೆ ಕಟ್ಟಿದಾಗ, ತಾನಾಗಿ ಮೇಲೆ ಬಂದಿರುತ್ತದೆ. ಗಾಳಿ ಯಾವ ಕಡೆ ಅಂತಲೂ ನೋಡಿಕೊಳ್ಳುತ್ತೇನೆ. ಆಷಾಢದ ಗಾಳಿ ಪಡುವಣದಿಂದ ಬೀಸುವಾಗ ಪಾಚಿಯೆಲ್ಲ ಮೂಡಣ ದಡಕ್ಕೆ ಬಂದು ಒತ್ತಿಕೊಂಡಿರುತ್ತದೆ. ಅರ್ಧ ಕೆಲಸ ಗಾಳಿಯೇ ಮಾಡಿರುತ್ತದೆ.

ಹಾಳೆ ಹಾಸಿದ ಹೊಂಡಕ್ಕೆ ಕಬ್ಬಿಣದ ಹಲ್ಲಿನ ಸಾಮಾನು ಇಳಿಸಲೇಬಾರದು. ನಾವು ಹೊಂಡದ ಅಗಲಕ್ಕೂ ಬರುವಂಥ ನೈಲಾನ್ ಹಗ್ಗಕ್ಕೆ ಹಳೆಯ ನೆರಳು ಪರದೆಯ ತುಂಡು ಕಟ್ಟಿದ್ದೇವೆ. ಪರದೆಯ ಕೆಳಅಂಚಿಗೆ ಭಾರಕ್ಕೆ ಮರಳು ತುಂಬಿದ ಚಿಕ್ಕ ಚೀಲಗಳು. ಈ ದಡದಲ್ಲೊಬ್ಬರು ಆ ದಡದಲ್ಲೊಬ್ಬರು ಹಗ್ಗ ಹಿಡಿದು ನಿಧಾನಕ್ಕೆ ನಡೆದರೆ ಪಾಚಿ ಒಂದು ಮೂಲೆಗೆ ಬರುತ್ತದೆ. ನಿಧಾನ ಅನ್ನುವುದು ಸುಮ್ನೆ ಹೇಳಿದ್ದಲ್ಲ. ಜೋರಾಗಿ ಬಡಿದು ಎಳೆದರೆ ಎಳೆಗಳು ತುಂಡಾಗುತ್ತವೆ, ಒಂದೊಂದು ತುಂಡೂ ಮತ್ತೆ ಬೆಳೆಯುತ್ತದೆ. ಮೂಲೆಗೆ ಬಂದದ್ದನ್ನು ಬಿದಿರು ಗಳದ ತುದಿಗೆ ಟೊಮೇಟೊ ಕ್ರೇಟು ಕಟ್ಟಿ ಎತ್ತುತ್ತೇವೆ. ತೋಟದ ಕೆಳಗಿನ ಮಣ್ಣಿನ ಕಟ್ಟೆಯಲ್ಲಾದರೆ ಹಾಳೆಯ ಭಯ ಇಲ್ಲ. ಅಲ್ಲಿ ಒಣಗಿದ ಜಾಲಿ ಕೊಂಬೆಯೇ ಸಾಕು. ನೀರೊಳಗೆ ಇಟ್ಟು ಒಂದೇ ಕಡೆಗೆ ತಿರುವುತ್ತಾ ಹೋದರೆ ಪಾಚಿ ಸುತ್ತಿಕೊಂಡು ಬರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪಾಚಿ ಹಿಡಿದ ಹಾಳೆಯ ಇಳಿಜಾರಲ್ಲಿ ಕಾಲಿಟ್ಟರೆ ಜಾರಿ ಒಳಗೆ ಹೋಗುವುದು ಕ್ಷಣದ ಕೆಲಸ. ಈಜು ಬಂದರೂ ಹತ್ತಿ ಬರುವುದಕ್ಕೆ ಹಿಡಿತ ಸಿಗುವುದಿಲ್ಲ. ಕೃಷಿ ಹೊಂಡದಲ್ಲಿ ಮಕ್ಕಳು, ದೊಡ್ಡವರು ಮುಳುಗಿದ ಸುದ್ದಿ ನಾವೆಲ್ಲ ಓದಿದ್ದೇವೆ. ಸುತ್ತ ಬೇಲಿ ಇರಲಿ, ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಿ, ಗಾಳಿ ತುಂಬಿದ ಹಳೇ ಟ್ಯೂಬು ಕೈಗೆ ಸಿಗುವಲ್ಲಿರಲಿ. ಒಬ್ಬರೇ ಯಾವತ್ತೂ ಈ ಕೆಲಸಕ್ಕೆ ಇಳಿಯಬೇಡಿ.

ಎತ್ತಿದ ಪಾಚಿಯನ್ನು ಅರ್ಧ ಗಂಟೆ ದಡದ ಅಂಚಲ್ಲೇ ಬಿಡುತ್ತೇನೆ. ನೀರೂ ಸೋರುತ್ತದೆ, ಒಳಗಿರುವ ಏರೋಪ್ಲೇನ್ ಚಿಟ್ಟೆಯ ಮರಿ, ಬಸವನಹುಳು, ಗೊದಮೊಟ್ಟೆ, ಮೀನುಮರಿ ಕಂಡರೆ ಆರಿಸಿ ವಾಪಸ್ ಹಾಕುವುದಕ್ಕೂ ಆಗುತ್ತದೆ. ಪಾಚಿ ಬರೀ ಕಸ ಅಲ್ಲ, ಅದರೊಳಗೆ ಒಂದು ಊರೇ ಇರುತ್ತದೆ. ಸೊಳ್ಳೆ ಮರಿಗಳಿಗೂ ಅದೇ ಅಡಗುತಾಣ, ಮೀನಿನ ಬಾಯಿಗೆ ಸಿಗದೆ ಅಲ್ಲಿ ಬೆಳೆಯುತ್ತವೆ. ಮೆಕ್ಸಿಕೋದ ದಕ್ಷಿಣ ಭಾಗದಲ್ಲಿ ನದಿಯ ಗುಂಡಿಗಳಿಂದ ಪಾಚಿ ಎಳೆದು ಹಾಕಿಯೇ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯನ್ನು ಕಡಿಮೆ ಮಾಡಿದ್ದಾರೆ. ಹಾಗಂತ ಹೊಂಡದಲ್ಲಿ ಒಂದೆಳೆಯೂ ಇರಬಾರದು ಅಂತ ಹಟ ನನಗಿಲ್ಲ. ಒಂದು ಅಂಚಲ್ಲಿ ಸ್ವಲ್ಪ ಬಿಟ್ಟಿರುತ್ತೇನೆ.

ಇನ್ನು ಗೊಬ್ಬರದ ಲೆಕ್ಕ. ಇಲ್ಲಿ ಯಾರೂ ಆಸೆ ಹುಟ್ಟಿಸಿಕೊಳ್ಳಬಾರದು. ಸೋರಿಸಿದ 100 ಕಿಲೋ ಹಸಿ ಪಾಚಿಯಲ್ಲಿ 90 ಕಿಲೋಗಿಂತ ಜಾಸ್ತಿ ನೀರೇ. ಒಣಗಿದರೆ ಉಳಿಯುವುದು ಏಳೆಂಟು ಕಿಲೋ. ಅದರಲ್ಲಿ ಸಾರಜನಕ ನೂರಕ್ಕೆ ಎರಡರಿಂದ ನಾಲ್ಕರಷ್ಟು ಅಂದರೆ 200 ಗ್ರಾಂ ಆಸುಪಾಸು. ಯೂರಿಯಾ ಲೆಕ್ಕದಲ್ಲಿ ಅರ್ಧ ಕಿಲೋ. ಫಲ ಕೊಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಅಂತ ಶಿಫಾರಸು. ಒಂದು ಕ್ವಿಂಟಲ್ ಪಾಚಿ ಎಳೆದರೆ ಒಂದು ಮರದ ಸಾರಜನಕದ ಅರ್ಧವೂ ಆಗುವುದಿಲ್ಲ. ಆದರೂ ಎಳೆಯುತ್ತೇನೆ, ಯಾಕೆಂದರೆ ನನಗೆ ಲಾಭ ಇರುವುದು ತೆಂಗಿಗೆ ಹೋದ 200 ಗ್ರಾಂನಲ್ಲಿ ಅಲ್ಲ, ಹೊಂಡದಿಂದ ಆಚೆ ಬಂದ 200 ಗ್ರಾಂನಲ್ಲಿ.

ಹಸಿಯಾಗಿಯೇ ಗುಡ್ಡೆ ಹಾಕಿದರೆ ಎರಡು ದಿನಕ್ಕೆ ಗಬ್ಬು ನಾರುತ್ತದೆ, ಗಾಳಿ ಆಡುವುದಿಲ್ಲ. ಒಂದು ಪದರ ಪಾಚಿ, ಎರಡು ಪದರ ಒಣ ತರಗು ಅಥವಾ ನಾರಿನ ಪುಡಿ, ಮೇಲೆ ಒಂದಿಷ್ಟು ಸಗಣಿ ಬಗ್ಗಡ ಹೀಗೆ ಪೇರಿಸುತ್ತೇವೆ. ನಾರಿನ ಪುಡಿಗೆ ಸಾರಜನಕದ ಕೊರತೆ, ಪಾಚಿಗೆ ಒಣ ಪದಾರ್ಥದ ಕೊರತೆ, ಇಬ್ಬರಿಗೂ ಒಳ್ಳೆಯ ಜೋಡಿ. ನೇರ ಪಾತಿಗೆ ಮುಚ್ಚಿಗೆಯಾಗಿ ಹಾಕುವುದಾದರೆ ತೆಳ್ಳಗೆ ಹರಡಿ. ದಪ್ಪ ಹಾಕಿದರೆ ಒಣಗಿ ರಟ್ಟಿನಂತಾಗಿ ನೀರು ಇಳಿಯುವುದಕ್ಕೇ ಬಿಡುವುದಿಲ್ಲ. 1686ರಲ್ಲಿ ಬಾಲ್ಟಿಕ್ ತೀರದ ಕೂರ್ಲೆಂಡ್‌ನಲ್ಲಿ ಆಕಾಶದಿಂದ ಕಪ್ಪು ಕಾಗದ ಬಿತ್ತು ಅಂತ ಜನ ಬೆರಗಾಗಿದ್ದರಂತೆ. ನೂರೈವತ್ತು ವರ್ಷ ಆದ ಮೇಲೆ ಎಹ್ರೆನ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿ ಆ ತುಂಡನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಅದು ಒಣಗಿದ ನೂಲು ಪಾಚಿ! ನಮ್ಮ ಪಾತಿಯಲ್ಲಿ ಒಣಗಿದ್ದನ್ನು ಕೈಯಲ್ಲೆತ್ತಿ ನೋಡಿದರೆ ಆ ಜನ ಮೋಸ ಹೋದದ್ದು ಆಶ್ಚರ್ಯ ಅನಿಸುವುದಿಲ್ಲ.

ಎಳೆಯುವುದು ಎಷ್ಟು ಮುಖ್ಯವೋ ಒಳಗೆ ಬರುವುದನ್ನು ನಿಲ್ಲಿಸುವುದೂ ಅಷ್ಟೇ ಮುಖ್ಯ. ಕೊಟ್ಟಿಗೆ ತೊಳೆದ ನೀರು ಮಳೆಗಾಲದಲ್ಲಿ ಹೊಂಡದ ಕಡೆಗೇ ಹರಿಯುತ್ತಿತ್ತು. ನಡುವೆ ಒಂದು ಕಾಲುವೆ ತೋಡಿ ಬಾಳೆ ಸಾಲಿಗೆ ತಿರುಗಿಸಿದೆವು. ಬಾಳೆ ಚೆನ್ನಾಗಿ ಬಂತು, ಹೊಂಡದ ಪಾಚಿ ಕಣ್ಣಿಗೆ ಕಾಣುವಷ್ಟು ಇಳಿಯಿತು. ರಸಗೊಬ್ಬರವನ್ನು ಡ್ರಿಪ್‌ನಲ್ಲಿ ಕೊಡುವವರು ನೀರು ಹಿಂದಕ್ಕೆ ಹೊಂಡಕ್ಕೆ ಬಾರದಂತೆ ವಾಲ್ವ್ ಇದೆಯೇ ಅಂತ ನೋಡಿಕೊಳ್ಳಿ.

ಮೀನು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಅರ್ಧ ನಿಜ. ಹುಲ್ಲುಗೆಂಡೆ ಪಾಚಿ ತಿನ್ನುತ್ತದೆ, ಆದರೆ ಅದಕ್ಕಿಂತ ಮೆತ್ತನೆಯ ಜಲಸಸ್ಯ ಸಿಕ್ಕರೆ ಅದನ್ನೇ ಮೊದಲು ತಿನ್ನುವುದು. ಪಿಥೋಫೋರಾದಂಥ ಒರಟು ಪಾಚಿ ಅದಕ್ಕೆ ಇಷ್ಟವಿಲ್ಲ. ಹೊಂಡ ತುಂಬಾ ಪಾಚಿ ಇರುವಾಗ ಚಿಕ್ಕ ಮರಿ ಬಿಟ್ಟರೆ ಎಳೆಗಳಿಗೆ ಸಿಕ್ಕಿಹಾಕಿಕೊಂಡು ಸಾಯುತ್ತವೆ. ಮೊದಲು ಎಳೆದು ಖಾಲಿ ಮಾಡಿ, ಆಮೇಲೆ ಬೆರಳುದ್ದಕ್ಕಿಂತ ದೊಡ್ಡ ಮರಿ ಬಿಡಿ. ಮಣ್ಣಿನ ಕಟ್ಟೆಯಲ್ಲಿ ಸಾಮಾನ್ಯ ಗೆಂಡೆ ಬೇರೆ ರೀತಿ ಸಹಾಯ ಮಾಡುತ್ತದೆ. ತಳ ಕೆದಕಿ ನೀರು ಕದಡುತ್ತದೆ, ಬಿಸಿಲು ಕೆಳಗಿಳಿಯುವುದಿಲ್ಲ.

ಡ್ರಿಪ್‌ಗೆ ನೀರೆಳೆಯುವ ಪೈಪಿನ ಬಾಯಲ್ಲಿರುವ ಫುಟ್‌ವಾಲ್ವನ್ನು ತಳಕ್ಕೆ ಬಿಡಬೇಡಿ. ಖಾಲಿ ಕ್ಯಾನಿಗೆ ಕಟ್ಟಿ ನೀರಿನ ಮಟ್ಟದಿಂದ ಎರಡಡಿ ಕೆಳಗೆ ತೇಲುವ ಹಾಗೆ ಮಾಡಿದರೆ ಮೇಲಿನ ಪಾಚಿಯೂ ಬರುವುದಿಲ್ಲ, ತಳದ ಕೆಸರೂ ಬರುವುದಿಲ್ಲ. ಹೊಂಡದ ನೀರಿಗೆ ಬರೀ ಸ್ಕ್ರೀನ್ ಫಿಲ್ಟರ್ ಸಾಲದು, ಮುಂಚೆ ಮರಳಿನ ಫಿಲ್ಟರ್ ಇರಲೇಬೇಕು.

ತಿನ್ನಬಹುದಾ ಅಂತಲೂ ಕೇಳುತ್ತಾರೆ. ಲಾವೋಸ್‌ನ ಲುವಾಂಗ್ ಪ್ರಬಾಂಗ್ ಕಡೆ ನದಿಯ ಪಾಚಿಯನ್ನು ತೊಳೆದು, ತೆಳ್ಳಗೆ ಹರಡಿ, ಮೇಲೆ ಎಳ್ಳು, ಬೆಳ್ಳುಳ್ಳಿ, ಟೊಮೇಟೊ ಹಾಕಿ ಬಿಸಿಲಲ್ಲಿ ಒಣಗಿಸುತ್ತಾರೆ. ಎಣ್ಣೆಯಲ್ಲಿ ಕರಿದು ತಿನ್ನುತ್ತಾರೆ, ಹೆಸರು ಕೈಪೆನ್. ಅದು ಹರಿಯುವ ನೀರಿನ ಪಾಚಿ. ನಿಂತ ಹೊಂಡದ್ದನ್ನು ನಾನು ತಿನ್ನುವುದಿಲ್ಲ, ದನಕ್ಕೂ ಹಾಕುವುದಿಲ್ಲ. ಪಾಚಿ ನೀರಲ್ಲಿರುವ ಲೋಹಗಳನ್ನು ಹೀರಿಟ್ಟುಕೊಳ್ಳುತ್ತದೆ, ಜೊತೆಗೆ ನೀಲಿಹಸಿರು ಜಾತಿ ಬೆರೆತಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ದನಕ್ಕೆ ಬೇಕಾದರೆ ತೊಟ್ಟಿಯಲ್ಲಿ ಅಜೋಲ್ಲಾ ಬೆಳೆಸಿ, ಅದು ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ. ಆ ತೊಟ್ಟಿಗೂ ನೂಲು ಪಾಚಿ ಬಂದು ಅಜೋಲ್ಲಾ ಬೇರನ್ನು ಸುತ್ತಿಕೊಳ್ಳುವುದುಂಟು. ಅದಕ್ಕೆ ನಾನು ಮಾಡುವುದು ಇಷ್ಟೇ: ಮೇಲೆ ನೆರಳು ಪರದೆ, ಅಜೋಲ್ಲಾ ನೀರು ಪೂರ್ತಿ ಮುಚ್ಚಿಕೊಂಡಿರುವಷ್ಟೇ ಕೊಯ್ಲು, ಪಾಚಿ ಜಾಸ್ತಿಯಾದರೆ ತೊಟ್ಟಿ ಖಾಲಿ ಮಾಡಿ ಆ ನೀರನ್ನು ನುಗ್ಗೆ ಗಿಡಕ್ಕೆ ಸುರಿದು, ಒಣಗಿಸಿ, ಬೇರೆ ಕಡೆಯ ಅಜೋಲ್ಲಾ ತೊಳೆದು ತಂದು ಮತ್ತೆ ಬಿಡುವುದು.