ಶಾಸಕರಿಗೆ ಬರೆದ ಪತ್ರ, ಶಾಲೆಗೆ ಬಂದ ಗಣಿತ ಮೇಷ್ಟ್ರು

ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಮೇಡಂ ತಮ್ಮ ಪಾಠದ ಜೊತೆಗೆ ಗಣಿತವನ್ನೂ ಹೇಳಿಕೊಡುತ್ತಿದ್ದರು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಅಷ್ಟು ಎಲ್ಲಿ ಸಾಕಾಗುತ್ತದೆ? ಮುಖ್ಯ ಶಿಕ್ಷಕರು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಆಗಲೇ ಬರೆದಿದ್ದರು. ಶಾಸಕರಿಗೆ ಬರೆಯುವ ಕೆಲಸವನ್ನು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯಾದ ನಾನು ವಹಿಸಿಕೊಂಡೆ.

ಊರಿನ ಮನವಿ ಅಂದರೆ ಸಾಮಾನ್ಯವಾಗಿ ಚರಂಡಿ, ರಸ್ತೆ, ಸಮುದಾಯ ಭವನ, ಮೇಷ್ಟ್ರು, ಎಲ್ಲಾ ಒಂದೇ ಹಾಳೆಯಲ್ಲಿ ಇರುತ್ತದೆ. ಅಂಥ ಪತ್ರವನ್ನು ಆಪ್ತ ಸಹಾಯಕರು ಯಾವ ಇಲಾಖೆಗೆ ಅಂತ ಕಳಿಸಬೇಕು? ನಾನು ಒಂದೇ ವಿಷಯ ಹಿಡಿದೆ. ವಿಷಯದ ಸಾಲಿನಲ್ಲೇ ಶಾಲೆಯ ಹೆಸರು, ಶಾಲೆಯನ್ನು ಗುರುತಿಸುವ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ, ಖಾಲಿ ಇರುವ ಹುದ್ದೆ, ಮೂರನ್ನೂ ಹಾಕಿದೆ.

ಪತ್ರ ಬರೆಯುವ ಮುಂಚೆ ಜಾಸ್ತಿ ಯೋಚಿಸಿದ್ದು, ಇದರಲ್ಲಿ ಶಾಸಕರು ನಿಜವಾಗಿ ಏನು ಮಾಡಬಲ್ಲರು ಅಂತ. ಮೇಷ್ಟ್ರನ್ನು ನೇಮಿಸುವುದು ಶಿಕ್ಷಣ ಇಲಾಖೆ. ಶಾಸಕರ ಕೈಯಲ್ಲಿ ಇರುವುದು ಬೇರೆ. ತಾಲ್ಲೂಕು ಮಟ್ಟದ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪರಿಶೀಲನಾ ಸಭೆಗೆ ಅವರೇ ಅಧ್ಯಕ್ಷರು. ಬಿಇಓ ಸೇರಿ ಎಲ್ಲ ಇಲಾಖೆಯ ಅಧಿಕಾರಿಗಳು ಅಲ್ಲಿ ಉತ್ತರ ಕೊಡಬೇಕು. ಮುಂದಿನ ಸಭೆ ಯಾವತ್ತು ಅಂತ ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿಕೊಂಡೆ. ಅದಕ್ಕೆ ಕೆಲವು ದಿನ ಇರುವಾಗ ಪತ್ರ ಕೊಟ್ಟು, ನನ್ನ ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಂಡೆ.

ಬರೆದದ್ದು ಒಂದೇ ಪುಟ. ಹೊಗಳಿಕೆಯ ಸಾಲು ಹಾಕಲಿಲ್ಲ, ಮುಂದಿನ ಚುನಾವಣೆಯ ಮಾತೂ ಎತ್ತಲಿಲ್ಲ. ಹತ್ತನೇ ತರಗತಿಯ ಮಕ್ಕಳ ಸಂಖ್ಯೆ, ಹುದ್ದೆ ಖಾಲಿಯಾದ ದಿನ, ಆಗಿರುವ ಪಾಠ, ಪರೀಕ್ಷೆಗೆ ಉಳಿದಿರುವ ತಿಂಗಳು, ಇಷ್ಟೇ. ಕೊನೆಗೆ ಬೇಡಿಕೆ: "ಕಾಯಂ ಶಿಕ್ಷಕರು ಬರುವವರೆಗೆ ಒಬ್ಬ ಅತಿಥಿ ಶಿಕ್ಷಕರನ್ನು ಕೊಡಲು, ಅಥವಾ ಹತ್ತಿರದ ಶಾಲೆಯಿಂದ ವಾರಕ್ಕೆ ಮೂರು ದಿನ ನಿಯೋಜಿಸಲು ಬಿಇಓ ಅವರಿಗೆ ಸೂಚಿಸಬೇಕೆಂದು ಕೋರುತ್ತೇವೆ." ಯಾರು, ಯಾರಿಗೆ, ಏನು ಹೇಳಬೇಕು ಅನ್ನುವುದು ಆ ಸಾಲಿನಲ್ಲೇ ಇದೆ. ಶಾಸಕರು ಅಂಚಿನಲ್ಲಿ ಷರಾ ಬರೆದು ಸಹಿ ಹಾಕಿದರೆ ಪತ್ರ ಮುಂದಕ್ಕೆ ಹೋಗುತ್ತದೆ. ಅವರ ಅರ್ಧ ಕೆಲಸವನ್ನು ನಾವೇ ಮಾಡಿಕೊಟ್ಟ ಪತ್ರಕ್ಕೆ ಬೆಲೆ ಜಾಸ್ತಿ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಜೊತೆಗೆ ಮುಖ್ಯ ಶಿಕ್ಷಕರ ಹಳೆಯ ಪತ್ರದ ಪ್ರತಿ ಇಟ್ಟೆ. ಸಹಿ ಹಾಕಿಸಿದ್ದು ಹತ್ತನೇ ತರಗತಿ ಮಕ್ಕಳ ತಂದೆ ತಾಯಿಯರಿಂದ ಮಾತ್ರ. ಊರಿಗೆಲ್ಲಾ ಸುತ್ತಿ ಸುಮ್ನೆ ಸಹಿ ತುಂಬಿಸುವುದಕ್ಕಿಂತ ಇದು ಮೇಲು. ಹೆಬ್ಬೆಟ್ಟು ಒತ್ತಿದ ಅಮ್ಮಂದಿರೂ ಇದ್ದರು. ಆ ಹಾಳೆ ನನ್ನ ಒಂದು ಪುಟಕ್ಕಿಂತ ಗಟ್ಟಿಯಾಗಿ ಮಾತಾಡಿತು.

ಇನ್ನೊಂದು ದಾರಿ ಬಹಳ ಜನರಿಗೆ ಹೊಳೆಯುವುದಿಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 7 ಜನ ಶಿಕ್ಷಕರೇ ಮತ ಹಾಕುವ ಶಿಕ್ಷಕರ ಕ್ಷೇತ್ರದಿಂದ ಬಂದವರು. ಶಾಲೆಯ ವಿಷಯ ಅವರಿಗೆ ತಮ್ಮದೇ ವಿಷಯ, ಅಲ್ವಾ? ನಮ್ಮ ಭಾಗದ ಸದಸ್ಯರಿಗೆ ಬೇರೆಯದೇ ಪತ್ರ ಬರೆದೆ. ಅವರ ಹತ್ತಿರ ಕೇಳಿದ್ದು ಒಂದು ಪ್ರಶ್ನೆ: ಜಿಲ್ಲೆಯಲ್ಲಿ ಮಂಜೂರಾದ ಪಿಸಿಎಂ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವಾಗ ತುಂಬುತ್ತಾರೆ? ಸದನದಲ್ಲಿ ಚುಕ್ಕೆ ರಹಿತ ಪ್ರಶ್ನೆಯಾಗಿ ಕೇಳಿದರೆ ಸರ್ಕಾರ ಬರಹದಲ್ಲೇ ಉತ್ತರ ಕೊಡುತ್ತದೆ. ಪ್ರಶ್ನೆಗೆ ಮೊದಲೇ ಸೂಚನೆ ಕೊಡಬೇಕಾದ್ದರಿಂದ, ಬೆಳಗಾವಿ ಅಧಿವೇಶನಕ್ಕೆ ಸಾಕಷ್ಟು ಮುಂಚೆಯೇ ಕಳಿಸಿದೆ.

ಕೆಡಿಪಿ ಸಭೆಯಲ್ಲಿ ನಮ್ಮ ಶಾಲೆಯ ಹೆಸರು ಬಂತು. ಸ್ವಲ್ಪ ದಿನದಲ್ಲೇ ಪಕ್ಕದ ಊರಿನ ಹುಡುಗರೊಬ್ಬರು ಅತಿಥಿ ಶಿಕ್ಷಕರಾಗಿ ಬಂದರು. ಸಂಜೆ ಉಳಿದು ಪ್ರಮೇಯ ಬಿಡಿಸಿ ಹೇಳುತ್ತಿದ್ದರು. ಮಕ್ಕಳ ಮುಖ ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಶಾಸಕರಿಗೆ ನಾಲ್ಕು ಸಾಲಿನ ವಂದನೆಯ ಪತ್ರವನ್ನೂ ಕಳಿಸಿದೆವು.

ಕಾಯಂ ಹುದ್ದೆ ಇನ್ನೂ ತುಂಬಿಲ್ಲ. ವರ್ಗಾವಣೆ ಕೌನ್ಸೆಲಿಂಗ್‌ಗೆ ಮುಂಚೆ ಮತ್ತೊಂದು ಪತ್ರ ಹೋಗಬೇಕು. ಹಳೆಯ ಪತ್ರದ ದಿನಾಂಕವನ್ನು ಉಲ್ಲೇಖದಲ್ಲಿ ಹಾಕಿ ಕರಡು ಬರೆದಿಟ್ಟಿದ್ದೇನೆ. ಈ ಸಲ ಒಂಬತ್ತನೇ ತರಗತಿಯವರ ಸಹಿಯೂ ಸೇರಲಿದೆ.